ಹತ್ತು ಲಕ್ಷದ ಒಂದು

ಮಸ್ಕಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಅವಿಭಾಜ್ಯ ಸಂಖ್ಯೆಗಳ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ 10,00,001 ಎಂದು ಬರೆದು, "ಒಂದು ಮತ್ತು ತನ್ನನ್ನು ಬಿಟ್ಟರೆ ಇದನ್ನು ಯಾವುದೂ ಭಾಗಿಸುವುದಿಲ್ಲ" ಎನ್ನುತ್ತಿದ್ದೆ. ಬಿ.ಎಸ್ಸಿ ಓದುವಾಗ ತೊಂಬತ್ತೇಳರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಅದನ್ನು ಭಾಗಿಸಿ ನೋಡಿದ್ದೆ. ಸಾವಿರದ ಹತ್ತಿರದವರೆಗೆ ನೋಡಬೇಕಿತ್ತು. ಬೇಸರವಾಗಿ ಅಲ್ಲಿಗೇ ಬಿಟ್ಟೆ. ಬಿಟ್ಟದ್ದು ಮರೆತುಹೋಯಿತು, ನೋಡಿದ್ದಷ್ಟೇ ನೆನಪುಳಿಯಿತು.

ಆ ವರ್ಷ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವ ಹೆಂಗಸಿನ ಮಗಳು. ವರ್ಷವಿಡೀ ಬಾಯಿ ಬಿಟ್ಟವಳಲ್ಲ.

"ಸರ್, ನೂರಾ ಒಂದರಿಂದ ಹೋಗತೈತ್ರೀ."

ನಾನು ಅವಳ ನೋಟುಬುಕ್ಕಿನತ್ತ ನೋಡಲೂ ಇಲ್ಲ. "ಮೊದಲ ಮಗ್ಗಿ ಬರೋಬ್ಬರಿ ಕಲಿ. ಕೂಡು" ಎಂದೆ. ತರಗತಿ ನಕ್ಕಿತು. ಅವಳು ಕೂತಳು.

ಸಂಜೆ ಲಿಂಗಸುಗೂರಿನ ಮನೆಗೆ ಹೋಗುವ ಬಸ್ಸಿನಲ್ಲಿ ಟಿಕೇಟಿನ ಹಿಂದೆ ಭಾಗಾಕಾರ ಮಾಡಿದೆ. 9901 ಬಂತು, ಶೇಷ ಸೊನ್ನೆ. ನಂಬದೆ ತಿರುಗಿ ಗುಣಿಸಿದೆ. 9901ರ ನೂರು ಪಟ್ಟು 9,90,100. ಅದಕ್ಕೆ ಇನ್ನೊಂದು 9901 ಸೇರಿಸಿದರೆ ಹತ್ತು ಲಕ್ಷದ ಒಂದು. ಟಿಕೇಟನ್ನು ಮಡಚಿ ಜೇಬಿಗಿಟ್ಟೆ.

ನಾಳೆ ಹೇಳೋಣ ಅಂದುಕೊಂಡೆ. ಮರುದಿನ ತ್ರಿಕೋನಗಳ ಪಾಠ ಶುರು ಮಾಡಿದೆ. ಅವಳು ಮತ್ತೆ ಕೈ ಎತ್ತಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಒಳ್ಳೆಯ ಅಂಕ ತೆಗೆದಳು.

ಫಲಿತಾಂಶ ಬಂದ ಮೇಲೆ ಅವಳ ತಾಯಿ, ಸೌಟು ಕೈಯಲ್ಲೇ ಹಿಡಿದುಕೊಂಡು, ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಸರ್, ನಮ್ಮಾಕಿ ಆರ್ಟ್ಸ್ ತಗೋತೀನಿ ಅಂತ ಕುಂತಾಳ. ಗಣಿತ ನನಗ ತಿಳಿಯಂಗಿಲ್ಲ ಅಂತಾಳ. ನೀವರ ಒಂದು ಮಾತು ಹೇಳ್ರೀ."

ಹೇಳಬೇಕಾದ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಸಹೋದ್ಯೋಗಿಗಳು ಕೂತಿದ್ದರು. "ಆಕಿ ಇಷ್ಟ ಬಿಡಮ್ಮ" ಎಂದುಬಿಟ್ಟೆ.

ಎರಡು ವರ್ಷದ ಮೇಲೆ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿಯೇ ಬಂದು ನಮಸ್ಕಾರ ಮಾಡಿದಳು. ಅಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳು ಮನೆಯವರ ಕ್ಷೇಮ ಕೇಳುತ್ತಿರುವಾಗಲೇ ನಾನು ಹೇಳಿಬಿಟ್ಟೆ. "ಅವತ್ತು ನೀ ಹೇಳಿದ್ದ ಖರೆ ಇತ್ತವ್ವ. ತಪ್ಪು ನಂದು."

"ಗೊತ್ತಿತ್ರೀ ಸರ್. ಮನಿಗೆ ಹೋಗಿ ಮೂರು ಸಲ ಮಾಡಿ ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

ಅವಳು ನನ್ನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳಿದ್ನಲ್ರೀ, ಸರ್."

ಈಗಲೂ ಗಣಿತ ಕಲಿಯಬಹುದು, ಬೇಕಾದರೆ ನಾನೇ ಹೇಳಿಕೊಡುತ್ತೇನೆ ಎಂದೆ. "ಈಗ ಇತಿಹಾಸ ಚೊಲೋ ಅನಸಾಕತ್ತೈತ್ರೀ" ಎಂದಳು. ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಆಡಿದ ಮಾತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ಹತ್ತನೆಯ ತರಗತಿಯಲ್ಲಿ ಆ ಸಂಖ್ಯೆಯನ್ನು ಬರೆದು, ನಡೆದದ್ದನ್ನೆಲ್ಲ ಹೇಳಿದೆ. ಹೊರಗೆ ಅಡುಗೆಮನೆಯಲ್ಲಿ ಆ ಹುಡುಗಿಯ ತಾಯಿ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿಯವರೆಗೆ ನಡೆದುಹೋಗಿ ಅವಳಿಗೂ ಹೇಳಲು ನನಗೆ ಇನ್ನೂ ಒಂದು ತಿಂಗಳು ಬೇಕಾಯಿತು.