ಗಾದಿಯ ಮೇಲೊಂದು ಕಲ್ಲಂಗಡಿ

ಹೋದ ವಾರ ನಮ್ಮೂರ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯೊಂದರಲ್ಲಿ ಕೂಸಿನ ಗಾದಿಯ ಮೇಲೆ ನಾನೊಂದು ಕಲ್ಲಂಗಡಿ ಹಣ್ಣು ಇಟ್ಟೆ.

ನಗಬೇಡಿ. ಹೊರಗಿನ ಗಾಡಿಯಲ್ಲಿ ಆರಿಸಿ ತಂದ ಸಣ್ಣ ಹಣ್ಣು, ಹೆಚ್ಚುಕಡಿಮೆ ನಮ್ಮ ಮೊಮ್ಮಗಳ ತಲೆಯಷ್ಟು. ಇಟ್ಟದ್ದೇ ತಡ, ಅರ್ಧ ಒಳಗೆ ಹೋಯಿತು. ಎತ್ತಿದ ಮೇಲೂ ಗುಂಡಿ ಹಾಗೇ ಇತ್ತು.

“ಅಕ್ಕಾರ, ಕೂಸಿಗೆ ಮೆತ್ತಗ ಇರಬೇಕಲ್ರಿ,” ಅಂದ ಅಂಗಡಿಯವ.

“ಇಷ್ಟ ಮೆತ್ತಗ ಇದ್ರ ಕೂಸು ಮೂಗು ಎಲ್ಲಿ ಇಡಬೇಕ್ರಿ?” ಅಂದೆ.

ಆತ ಕವರಿನ ಮೇಲಿನ ‘ಬೇಬಿ ಸೇಫ್’ ಎಂಬ ಅಕ್ಷರ ತೋರಿಸಿದ. ಬರೆದವರು ಯಾರು? ಮಾರುವವರೇ ಅಲ್ಲವೇ? ಹಣ್ಣು ಚೀಲಕ್ಕೆ ಹಾಕಿಕೊಂಡು ಹೊರಬಿದ್ದೆ.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಹಾಲಿನವನು ಒಂದು ಹನಿ ಹೆಚ್ಚಿಗೆ ಹಾಕಿದರೂ ಯಾಕೆ ಹಾಕಿದ ಅಂತ ಯೋಚಿಸುವವಳು ನಾನು. ಈ ಸಲವಂತೂ ಕಾರಣವಿತ್ತು. ಮಗಳು ಸವಿತಾ ಚೊಚ್ಚಲ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಾಳೆ. ಕೂಸಿಗೆ ನಾಲ್ಕು ತಿಂಗಳು, ಈಗೀಗ ಮಗ್ಗುಲಾಗಲು ಕಲಿತಿದೆ. ಅಳಿಯ ಸುತ್ತಲೂ ಕಟಕಟೆಯಿರುವ ಪುಟ್ಟ ಮಂಚ ತಂದುಕೊಟ್ಟ. (ಕ್ರಿಬ್ ಅನ್ನಬೇಕಂತೆ. ಅನ್ನೋಣ.) ಗಾದಿ ತವರಿನವರದು, ಅಂದರೆ ನನ್ನದು. ಡಾಕ್ಟರ್ ಮೊದಲೇ ಹೇಳಿದ್ದರು: ಗಾದಿ ಗಟ್ಟಿಯಾಗಿರಲಿ, ಸಪಾಟಾಗಿರಲಿ, ಸುತ್ತ ಸಂದಿ ಬೇಡ. ದಿಂಬು, ಮೆತ್ತನೆಯ ಬಟ್ಟೆ ಯಾವುದೂ ಒಳಗೆ ಬೇಡ. ಮುಖ ಅದರಲ್ಲಿ ಸಿಕ್ಕಿಕೊಂಡರೆ ಕೂಸಿಗೆ ಬಿಡಿಸಿಕೊಳ್ಳಲು ಬರುವುದಿಲ್ಲ.

ಮರುದಿನ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಅಲ್ಲಿಯ ಹುಸೇನಕಾಕಾ ನನ್ನ ಮದುವೆಯ ಗಾದಿ ಹೊಲಿದವರು. ಹಾಗಂತ ನಂಬಿಬಿಡಲೇ? ಒಳಗೆ ಹಳೆ ಹತ್ತಿ ತುಂಬುತ್ತಾರೇನೋ ಅಂತ ಎದುರಿಗೇ ಕೂತೆ. ಅವರಿಗೆ ತಿಳಿಯಿತು. ತೆಂಗಿನ ನಾರಿನ ಹಲಗೆಯನ್ನು, ಅದರ ಮೇಲೆ ಹಾಸುವ ತೆಳು ಹತ್ತಿಯನ್ನು ನನ್ನ ಮುಂದಿಟ್ಟು, ಕೈಯಾಡಿಸಿ ನೋಡು ಅಂದರು. ನೋಡಿದೆ. ಮೂಸಿಯೂ ನೋಡಿದೆ.

ಅಳತೆಗೆ ಅವರು ಟೇಪು ತೆಗೆದರು. ಹಳೆಯದು, ಅಂಕಿ ಅರ್ಧ ಅಳಿಸಿಹೋಗಿತ್ತು. ನನಗೆ ಅದರ ಮೇಲೂ ಸಂಶಯ ಬಂತು. ಬೇಡ ಕಾಕಾ, ಮನೆಯಲ್ಲಿ ಗೇಣಿನಿಂದಲೇ ಅಳೆದಿದ್ದೇನೆ, ಉದ್ದ ಆರು, ಅಗಲ ಮೂರು ಅಂದೆ. ಬಟ್ಟೆಯ ಮೇಲೆ ನಾನೇ ಗೇಣು ಹಾಕಿ ತೋರಿಸಿದೆ.

“ಮಂಚಾನ ಒಮ್ಮಿ ತಗೊಂಡು ಬಾರವಾ ತಂಗಿ. ಗೇಣು ಒಮ್ಮಿ ಇದ್ದಂಗ ಒಮ್ಮಿ ಇರೂದಿಲ್ಲ,” ಅಂದರು ಕಾಕಾ.

ಇನ್ನೊಮ್ಮೆ ಕರೆಸಿ ಇನ್ನೇನೋ ಮಾರುವ ಉಪಾಯ ಅಂದುಕೊಂಡೆ.

ಗಾದಿ ಬಂತು. ಕಲ್ಲಂಗಡಿ ಇಟ್ಟರೆ ಗುಂಡಿಯೇ ಬೀಳಲಿಲ್ಲ, ಅಷ್ಟು ಗಟ್ಟಿ. ಆದರೆ ಕ್ರಿಬ್ಬಿಗೆ ಹಾಸಿದಾಗ ಪಕ್ಕದಲ್ಲಿ ಮೂರು ಬೆರಳಿನಷ್ಟು ಸಂದಿ. ಮನೆಯಲ್ಲಿ ಬೆರಳು ಪೂರ್ತಿ ಚಾಚಿ ಅಳೆದಿದ್ದೆ, ಅಲ್ಲಿ ಅಗಲ ಹಾಕುವಾಗ ಬಸ್ಸು ತಪ್ಪೀತೆಂಬ ಅವಸರದಲ್ಲಿ ಚಾಚಿರಲಿಲ್ಲ. ಇದನ್ನು ಹೇಗೆ ಒಪ್ಪಿಕೊಳ್ಳುವುದು? ಮನೆಯವರು ವರ್ಷವಿಡೀ ಆಡಿಕೊಳ್ಳುತ್ತಾರೆ. ನಮ್ಮವ್ವ ಹಳೆ ಸೀರೆಗಳಿಂದ ಹೊಲಿದ ಕೌದಿಯನ್ನು ಮಡಿಚಿ ಸಂದಿಗೆ ತುರುಕಿ, ಮೇಲೆ ಬಟ್ಟೆ ಎಳೆದೆ. ಸರಿಯಾಗಿ ಕೂತಿತೇ ಅಂತ ಸವಿತಾ ಕೇಳಿದಳು. ಹೂಂ ಅಂದೆ.

ಮಾರನೇ ದಿನ ಮಧ್ಯಾಹ್ನ ಸವಿತಾ ಸ್ನಾನಕ್ಕೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಊಂ ಆಂ ಅನ್ನುತ್ತಿದ್ದ ಕೂಸು ಸುಮ್ಮನಾಯಿತು. ಅದರ ಮೇಲೂ ಸಂಶಯ ಬಂತು ನೋಡಿ, ದೇವರು ದೊಡ್ಡವನು.

ಓಡಿ ಹೋದೆ. ಕೂಸು ಮಗ್ಗುಲಾಗಿ ಬದಿಗೆ ಸರಿದಿತ್ತು. ಮೇಲಿನ ಬಟ್ಟೆ ಸರಿದು ಕೌದಿಯ ಮಡಿಕೆ ಮೇಲೆದ್ದಿತ್ತು. ಮುಖ ಪೂರ್ತಿ ಅದರೊಳಗಿತ್ತು. ಹಿಟ್ಟಿನ ಕೈಯಲ್ಲೇ ಬಾಚಿ ಎತ್ತಿದೆ. ಮುಖ ಕೆಂಪಾಗಿತ್ತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅತ್ತಿತು. ಆ ಅಳುವಿನಷ್ಟು ಚಂದದ್ದನ್ನು ನಾನು ಈವರೆಗೆ ಕೇಳಿಲ್ಲ. ಸವಿತಾಳನ್ನು ಕೂಗಿದೆ.

ಒದ್ದೆ ಕೂದಲಲ್ಲೇ ಬಂದ ಸವಿತಾ ಕೂಸನ್ನು ಎದೆಗೊತ್ತಿಕೊಂಡು, ಕ್ರಿಬ್ಬಿನೊಳಗೆ ಕೈ ಹಾಕಿ ಕೌದಿ ಎಳೆದಳು.

“ಯವ್ವಾ, ಇದನ್ನ ಯಾರು ಇಟ್ಟಾರ?”

ಅಂಗಡಿಯವನಲ್ಲ. ಕಾಕಾನೂ ಅಲ್ಲ. ನಾನೇ ಅಂದೆ. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಡಾಕ್ಟರ್ ನೋಡಿ ಕೂಸು ಆರಾಮ ಇದೆ ಅಂದರು. ನನಗೆ ಮಾತ್ರ ಆ ಮಡಿಕೆ ಇನ್ನೂ ಕಣ್ಣ ಮುಂದಿದೆ.

ನಿನ್ನೆ ಕ್ರಿಬ್ಬನ್ನೇ ಟಂಟಂ ಆಟೋದಲ್ಲಿ ಹೇರಿಕೊಂಡು ತಿಕೋಟಾಕ್ಕೆ ಹೋದೆ. ಕಾಕಾ ಎಲ್ಲವನ್ನೂ ಕೇಳಿದರು. ಟೇಪಿನ ಒಂದು ತುದಿ ನನ್ನತ್ತ ಚಾಚಿದರು.

“ನೀವ ಅಳೀರಿ ಕಾಕಾ,” ಅಂದೆ. “ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.”

ಕಾಕಾ ಹೊಸದಾಗಿ ಅಳೆದು ಹೊಲಿದ ಗಾದಿಯ ಸುತ್ತ ಈಗ ಒಂದು ಬೆರಳೂ ಹೋಗುವುದಿಲ್ಲ. ಕೌದಿ ನನ್ನ ಟ್ರಂಕಿನಲ್ಲಿದೆ.

ಅಂದಹಾಗೆ, ನಿಮ್ಮ ಕೂಸಿನ ಹಾಸಿಗೆಯ ಸಂದಿಗೆ ನೀವೇನು ತುರುಕಿದ್ದೀರಿ?