ಕೆಳಮುಖದ ಬಾಣ

ಯುದ್ಧದ ಕಾಲ. ವಿಮಾನದ ರೆಕ್ಕೆ ಎಷ್ಟು ಭಾರಕ್ಕೆ ಮುರಿಯುತ್ತದೆ ಅಂತ ಲೆಕ್ಕ ಹಾಕುವ ವಿದ್ಯೆಯನ್ನು ನಾನು ಬೆಂಗಳೂರಿನಲ್ಲಿ ಕಲಿಯುತ್ತಿದ್ದೆ. ರಜೆಗೆ ಹೊಸಪೇಟೆಗೆ ಬಂದಾಗ ಒಂದು ಸುದ್ದಿ ಕಿವಿಗೆ ಬಿತ್ತು. ಹಿಂದಿನ ವರ್ಷ ಕಡ್ಡಿರಾಂಪುರದ ಹೊಲದಲ್ಲಿ ವಿಮಾನವೊಂದು ಬಿದ್ದಿತ್ತಂತೆ. ಮಿಲಿಟರಿಯವರು ಒಯ್ಯದೆ ಬಿಟ್ಟ ರೆಕ್ಕೆಯ ತುಂಡು ಅಲ್ಲೇ ಒಬ್ಬರ ಮನೆಯಲ್ಲಿದೆಯಂತೆ. ಸೈಕಲ್ ಹತ್ತಿ ಹೊರಟೇಬಿಟ್ಟೆ. ಮುರಿದ ರೆಕ್ಕೆಯನ್ನು ನಾನು ಪುಸ್ತಕದಲ್ಲಷ್ಟೇ ಕಂಡಿದ್ದೆ.

ತುಂಡು ಹಿತ್ತಲ ಗೋಡೆಗೆ ಒರಗಿತ್ತು. ಅದಕ್ಕೆ ಕುಂಕುಮ ಹಚ್ಚಿ, ಮುಂದೆ ಒಂದು ತಂಬಿಗೆ ನೀರಿಟ್ಟಿದ್ದರು. ನಾನು ಅದನ್ನೆಲ್ಲ ಗಮನಿಸದೆ ಮುರಿದ ಅಂಚಿಗೆ ಬೆರಳಿಟ್ಟು, ಬಿರುಕು ಎಲ್ಲಿಂದ ಶುರುವಾಗಿದೆ ಅಂತ ಆ ಮನೆಯ ಮುದುಕಿಗೆ ಖುಷಿಯಿಂದ ವಿವರಿಸತೊಡಗಿದೆ.

"ಒಳಗ ಭಾರ ಎಷ್ಟಿತ್ತು, ಯವ್ವಾ? ಸಾಮಾನು ಏನರ ಇತ್ತೇನು?" ಎಂದೆ.

"ಒಬ್ಬ ಹುಡುಗ ಇದ್ದ, ತಮ್ಮಾ. ಮೀಸಿ ಸೈತ ಸರಿಯಾಗಿ ಬಂದಿದ್ದಿಲ್ಲ. ಭಾಳ ಹಗುರ ಇದ್ದ. ನಾನೊಬ್ಬಾಕಿನೇ ಎತ್ತಿ ನೆರಳಿಗೆ ತಂದೆ. ನನ್ನ ತಂಬಿಗಿ ಕಡೆ ಕೈ ತೋರಿಸಿದ. ಬಾಯಿಗೆ ಹಿಡಿಯೋದ್ರಾಗ ಜೀವ ಹೋತು. ಅದಕ್ಕ ದಿನಾ ನೀರು ಇಡ್ತೀನಿ."

ನಾನು ರೆಕ್ಕೆಯಿಂದ ಕೈ ತೆಗೆದೆ.

ನಮ್ಮ ನಕ್ಷೆಗಳಲ್ಲಿ ವಿಮಾನ ನಡೆಸುವವನನ್ನು ಬರೀ ಭಾರವೆಂದು ಎಣಿಸಿ, ಒಂದು ಕೆಳಮುಖದ ಬಾಣವಾಗಿ ತೋರಿಸುವುದು ರೂಢಿ. ಮುಂದಿನ ಪರೀಕ್ಷೆಯಲ್ಲಿ ಆ ಬಾಣ ಎಳೆಯಲು ನನಗೆ ಕೈ ಬರಲಿಲ್ಲ. 'ಒಂದು ಭಾರ ಬಿಟ್ಟುಹೋಗಿದೆ' ಅಂತ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದರು. ಉತ್ತರವೇನೂ ಅಷ್ಟಾಗಿ ತಪ್ಪಿರಲಿಲ್ಲ. ಹುಡುಗ ಹಗುರ ಇದ್ದನಲ್ಲ.