ಕ್ಯಾಮೆರಾಗೆ ಬೊಟ್ಟಿಟ್ಟವರು

ಈ ಬಾಡಿಗೆ ಮನೆಯ ಬಚ್ಚಲ ಕನ್ನಡಿ ಒರೆಸುವಾಗ, ಹಿಂದಿದ್ದವರು ಅಂಟಿಸಿಹೋದ ಮರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟೊಂದು ಬೆರಳಿಗೆ ಹತ್ತಿಕೊಂಡಿತು. ಮೊದಲು ನಾನಿದ್ದ ಬೋಗಾದಿಯ ಮನೆಯ ಓನರಮ್ಮ ಅಂಥದೇ ಬೊಟ್ಟನ್ನು ಹಣೆಗೊಂದು, ಲ್ಯಾಪ್‌ಟಾಪಿನ ಕ್ಯಾಮೆರಾಗೊಂದು ಇಡುತ್ತಿದ್ದರು. "ಅದು ನನ್ನನ್ನ ನೋಡೋದು ಬೇಡ, ನಾನು ಅದನ್ನ ನೋಡಿದ್ರೆ ಸಾಕು" ಎನ್ನುತ್ತಿದ್ದರು.

ಲಾ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಂಟಿ ಜೀವ. ಗಂಡನ ಹೊಡೆತ ತಾಳಲಾರದೆ ಬೇರೆ ಊರಿನಿಂದ ಸೂಟ್‌ಕೇಸ್ ಹಿಡಿದು ಬಂದ ನನಗೆ ಮಹಡಿಯ ಮನೆ ಕೊಟ್ಟರು. ಯಾಕೆ ಒಬ್ಬಳೇ ಎಂದು ಕೇಳಲಿಲ್ಲ. ಸಂಜೆ ಕೆಳಗೆ ಕರೆದು ಕಾಫಿ ಕೊಡುತ್ತಿದ್ದರು.

ಅಷ್ಟರಲ್ಲಿ ಸಂಘದವರು ಬಂದುಹೋಗುವವರ ದಾಖಲೆಗೆಂದು ಬಡಾವಣೆಯ ಗೇಟಿಗೆ ಆ್ಯಪ್ ಹಾಕಿಸಿದರು. ಹೊಸ ಬಾಡಿಗೆದಾರರ ಫೋಟೋ, ಫೋನ್ ನಂಬರು, ಮನೆ ನಂಬರು ಎಲ್ಲವೂ ವಾಟ್ಸಾಪ್ ಗುಂಪಿಗೆ. ನನ್ನದೂ ಹೋಯಿತು. ಅಲ್ಲಿಂದ ಯಾರು ಯಾರಿಗೆ ಕಳಿಸಿದರೋ, ಒಂದು ಬೆಳಗ್ಗೆ ಮೆಟ್ಟಿಲಿಳಿದರೆ ಮನೆಯ ಗೇಟಿನಾಚೆ ಗಂಡ ನಿಂತಿದ್ದ. ಅವನ ಮೊಬೈಲಿನಲ್ಲಿ ಅದೇ ಫೋಟೋ. ಓನರಮ್ಮ ನೈಟಿಯ ಮೇಲೆ ಟವೆಲ್ ಹೊದ್ದು ಬಂದು ಗೇಟಿನ ಚಿಲಕ ಹಿಡಿದರು.

"ಇದು ನನ್ನ ಮನೆ. ಒಳಗೆ ಹೆಜ್ಜೆ ಇಟ್ರೆ ಪೊಲೀಸ್ನೋರಿಗೆ ಫೋನ್ ಮಾಡ್ತೀನಿ. ಹೊರಡಿ."

ಅವನು ಬೈಯುತ್ತಾ ಹೋದ. ಅವನು ತಿರುವು ದಾಟುವವರೆಗೂ ಅವರು ಚಿಲಕ ಬಿಡಲಿಲ್ಲ. ಆಮೇಲೆ ಅವರೇ ವಕೀಲರನ್ನು ಗೊತ್ತು ಮಾಡಿಕೊಟ್ಟರು. ವಿಚ್ಛೇದನವಾಯಿತು.

ಅದಕ್ಕೂ ಮೊದಲೇ, ಅವನು ಬಂದುಹೋದ ವಾರವೇ, ಅವರು ನನ್ನನ್ನೂ ಕರೆದುಕೊಂಡು ಸಂಘದ ಸಭೆಗೆ ಹೋದರು. ನನ್ನ ವಿಷಯ ಎತ್ತದೆ, ಜನರ ಫೋಟೋ ಗುಂಪಿಗೆ ಹಾಕುವುದನ್ನು ನಿಲ್ಲಿಸಿ ಎಂದರು. ಅಧ್ಯಕ್ಷರು ನಕ್ಕರು.

"ತಪ್ಪು ಮಾಡ್ದೋರ್ಗೆ ಏನ್ ಭಯ ಮೇಡಂ? ಎಲ್ಲಾ ನಮ್ ಸೇಫ್ಟಿಗೇ ಕಣ್ರೀ, ಬುಡಿ."

"ನಿಮ್ಮ ಮಗಳ ಮದುವೆ ಮಾತುಕತೆನ ರೋಡಲ್ಲಿ ನಿಂತು ಆಡ್ತೀರಾ?"

ಅಧ್ಯಕ್ಷರು ಕೈ ಎತ್ತಿಸಿ ಮತ ಕೇಳಿದರು. ಅವರ ಪರವಾಗಿ ಎದ್ದದ್ದು ನನ್ನ ಕೈ ಮಾತ್ರ. ಆ ವರ್ಷ ದಸರಾ ಗೊಂಬೆ ನೋಡಲು ಅವರನ್ನು ಯಾರೂ ಕರೆಯಲಿಲ್ಲ.

ಮುಂದೆ ಸರ್ಕಾರ, ಜನರ ಖಾಸಗಿ ಮಾಹಿತಿ ಕಾಪಾಡುವ ಕಾನೂನಿನ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅವರು ವಾರಗಟ್ಟಲೆ ಕೂತು ಬರೆದರು. "ನಿನಗಾಗಿದ್ದನ್ನ ಬರೀಲಾ? ಬೇಡ ಅಂದ್ರೆ ಬೇಡ ಕಣಮ್ಮ" ಎಂದು ಕೇಳಿದರು. ಬರೆಯಿರಿ ಎಂದೆ. ಹೆಸರು, ಊರು ಎಲ್ಲ ತೆಗೆದು ನನಗೆ ಓದಿ ಹೇಳಿದರು. ಅದರಲ್ಲಿ ನಾನೆಲ್ಲೂ ಇರಲಿಲ್ಲ, ಆದರೆ ಆ ಬೆಳಗಿನ ಭಯ ಪೂರ್ತಿ ಇತ್ತು.

ಕಾನೂನು ಬಂತು. ಪತ್ರಿಕೆ ಮಡಚಿಟ್ಟು, "ಅರ್ಧ ಸಿಕ್ತು. ಸರ್ಕಾರ ನಮ್ಮ ಮಾಹಿತಿ ನೋಡೋಕೆ ತನಗೆ ಮಾತ್ರ ಬಾಗಿಲು ತೆಗೆದಿಟ್ಕೊಂಡಿದೆ" ಎಂದರು. ಸಂಘದವರು ಆ್ಯಪ್ ತೆಗೆಯಲಿಲ್ಲ, ಫೋಟೋ ಹಂಚುವುದನ್ನು ಮಾತ್ರ ಸದ್ದಿಲ್ಲದೆ ನಿಲ್ಲಿಸಿದರು. ನೀವು ಹೇಳಿದ್ದು ಸರಿ ಎಂದು ಯಾರೂ ಅವರ ಮನೆಗೆ ಬಂದು ಹೇಳಲಿಲ್ಲ. ಕಾನೂನಿನ ನಿಯಮಗಳ ಕರಡು ಬಂದಾಗ, ಉಬ್ಬಸ ಹೆಚ್ಚಿದ್ದರೂ, ಮತ್ತೆ ಬರೆದು ಕಳಿಸಿದರು. ಆ ಮಳೆಗಾಲದಲ್ಲೇ ಹೋಗಿಬಿಟ್ಟರು. ಸಂಬಂಧಿಕರು ಮನೆ ಮಾರಿದರು. ನಾನು ವಿಜಯನಗರದ ಈ ಮನೆಗೆ ಬಂದೆ.

ಇವತ್ತು ಒರೆಸುವ ಕೆಲಸ ಅಲ್ಲಿಗೇ ಬಿಟ್ಟು ಮೊಬೈಲಿನಲ್ಲಿ ಅವರ ಹೆಸರು ಹುಡುಕಿದೆ. ಯಾರ್‍ಯಾರದೋ ಮುಖಗಳು ಬಂದವು. ಅವರದೊಂದೂ ಇಲ್ಲ, ನನ್ನ ಬಳಿಯೂ ಇಲ್ಲ. ಅವರಿಗೆ ಬೇಕಾಗಿದ್ದೂ ಹಾಗೇ ಇರುವುದು. ದನಿ ಈಗಲೂ ಕಿವಿಯಲ್ಲಿದೆ. ಮುಖ ಮಾತ್ರ ಇತ್ತೀಚೆಗೆ ಮಸುಕಾಗುತ್ತಿದೆ... ಹೀಗಿದ್ದರಲ್ಲವೇ ಎಂದು ಕೇಳೋಣವೆಂದರೆ, ಅವರನ್ನು ದೂರವಿಟ್ಟ ಆ ಸಂಘದವರನ್ನು ಬಿಟ್ಟರೆ ಅವರನ್ನು ಬಲ್ಲವರು ಈ ಊರಿನಲ್ಲಿ ನನಗೆ ಯಾರೂ ಗೊತ್ತಿಲ್ಲ.